ಅಂಗಿಗೊಂದು ಪೆಪ್ಪರಮೆಂಟು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎಂಟು ವರ್ಷದ ಹುಡುಗಿಯೊಬ್ಬಳು ಆಗಷ್ಟೇ ಬಾಯಿಗೆ ಹಾಕಿಕೊಂಡ ಪೆಪ್ಪರಮೆಂಟನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಅಳಲಿಲ್ಲ. ಬಲಗೆನ್ನೆಯನ್ನು ಒತ್ತಿ ಹಿಡಿದು, ಓಡುತ್ತಿದ್ದ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

ಅಮ್ಮ ಪೆಡಲಿನಿಂದ ಕಾಲು ತೆಗೆದರು. ಯಂತ್ರ ಓಡುವಾಗ ಮಗಳು ಅಲ್ಲಿಗೆ ಬರುವಂತಿರಲಿಲ್ಲ. ಅದು ಆ ಮನೆಯ ನಿಯಮ. ಬಯ್ಯಲು ಬಾಯಿ ತೆರೆದವರು ಮಗಳ ಮುಖ ನೋಡಿ ಏನಾಯಿತೆಂದು ಕೇಳಿದರು.

ಅಮ್ಮನನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಹೊಡೆದ ಮೊಳೆಗಳಲ್ಲಿ ತೂಗುವ ಅಳತೆ ಕಾಗದಗಳು ಇವೆ. ಶಾಲೆಗೆ ರಜೆ. ಶಾಲೆ ಮತ್ತೆ ತೆರೆಯುವುದರೊಳಗೆ ನೂರೈವತ್ತು ಸಮವಸ್ತ್ರದ ಅಂಗಿ ಹೊಲಿದು ಕೊಡಬೇಕಿತ್ತು. ಬಾಗಿಲ ಬಳಿಯ ಚಾಪೆಯ ಮೇಲೆ ಟೈಲರಮ್ಮನ ಅತ್ತೆ, ಹುಡುಗಿಯ ಅಜ್ಜಿ, ಕೂತು ಗುಂಡಿ ಹಚ್ಚುತ್ತಿದ್ದರು. ಟೈಲರಮ್ಮನ ಗಂಡ ದೂರದೂರಿನ ಬಸ್ಸಿನ ಚಾಲಕ. ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗಳು ಒಂದು ಕಡೆ ಕೂರುವವಳಲ್ಲ. ಹಾಗಾಗಿ ಅವಳ ಹೆಸರು ಚೂಟಿ.

ಎರಡು ವರ್ಷದ ಹಿಂದೆ ಇದೇ ಚೂಟಿ ಓಡುವ ಯಂತ್ರದ ಸೂಜಿಯ ಕೆಳಗೆ ಬೆರಳು ಇಟ್ಟಿದ್ದಳು. ಸೂಜಿ ಉಗುರಿನ ಅಂಚನ್ನು ಸೀಳಿಕೊಂಡು ಹೋಗಿತ್ತು. ಮರುದಿನವೇ ಟೈಲರಮ್ಮ ನಿಯಮ ಮಾಡಿದರು. ಯಂತ್ರ ಓಡುವಷ್ಟು ಹೊತ್ತು ಚೂಟಿ ಮೇಜಿನ ಆಚೆಗೇ ಇರಬೇಕು. ಇದ್ದರೆ, ಒಂದು ಅಂಗಿ ಮುಗಿದಾಗ ಒಂದು ಪೆಪ್ಪರಮೆಂಟು. ಶಾಲೆ ಇರುವ ದಿನ ಸಂಜೆ ಒಟ್ಟು ಮೂರು, ರಜೆಯ ದಿನ ಹತ್ತು. ಚೂಟಿಯ ಸೋದರಮಾವ ಹಡಗಿನಲ್ಲಿ ಅಡುಗೆಯವರು. ರಜೆ ಬಂತೆಂದರೆ ಒಂದು ದೊಡ್ಡ ತಗಡಿನ ಡಬ್ಬ ಕಳಿಸುತ್ತಾರೆ. ಅದರಲ್ಲಿ ಹುಳಿಯವು, ಅಂಟುವವು, ಗಟ್ಟಿಯಾದವು, ಬಣ್ಣದ ಕಾಗದದಲ್ಲಿ ಸುತ್ತಿದ ಚಾಕೊಲೇಟು ಎಲ್ಲವೂ ಇರುತ್ತವೆ.

ಈ ಲೆಕ್ಕದ ಬಗ್ಗೆ ಟೈಲರಮ್ಮನಿಗೆ ಹೆಮ್ಮೆಯಿತ್ತು. ಮೇಲ್ಮಹಡಿಯ ಅವಳಿ ಹುಡುಗಿಯರು ಊಟವಾದ ಮೇಲೆ ಬೊಗಸೆ ತುಂಬ ತಿನ್ನುತ್ತಾರೆ, ಹೇಳುವವರು ಕೇಳುವವರು ಇಲ್ಲ ಎಂದು ಅತ್ತೆ ಸೊಸೆ ಇಬ್ಬರೂ ಮಾತಾಡಿಕೊಂಡದ್ದುಂಟು.

ಅತ್ತೆ ಚೂಟಿಯನ್ನು ಹತ್ತಿರ ಕರೆದು ಬಾಯಿ ತೆರೆಸಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಹುಳ ಬಿದ್ದಿರಬೇಕು, ಒಂದು ಲವಂಗ ಕಚ್ಚಿಕೊಂಡರೆ ಸರಿಹೋಗುತ್ತದೆ ಎಂದರು.

"ಹಾಲುಹಲ್ಲು ಕಣೇ ಅದು. ಇವತ್ತಲ್ಲ ನಾಳೆ ಬಿದ್ದುಹೋಗುತ್ತೆ. ಬೀಳೋ ಹಲ್ಲಿಗೆ ಇಷ್ಟು ರಂಪ ಯಾಕೆ? ನಮ್ಮ ಕಾಲದಲ್ಲಿ ಹಲ್ಲಿಗೆ ಅಂತ ಡಾಕ್ಟರೇ ಇರಲಿಲ್ಲ."

"ಅದಕ್ಕೇ ಹಲ್ಲೂ ಉಳಿದಿಲ್ಲ ಅತ್ತೆ," ಎಂದರು ಟೈಲರಮ್ಮ.

ಅತ್ತೆಯ ಬಾಯಲ್ಲಿ ಉಳಿದಿದ್ದವು ನಾಲ್ಕು. ನಾಲ್ಕನ್ನೂ ತೋರಿಸಿ ನಕ್ಕರು.

ಆ ಹೊತ್ತಿಗೆ ಹಲ್ಲಿನ ಆಸ್ಪತ್ರೆಯ ನರ್ಸ್ ಒಳಗೆ ಬಂದರು. ಆಸ್ಪತ್ರೆ ಎರಡು ಬೀದಿ ಆಚೆ ಇದೆ. ಬಿಳಿ ಕೋಟಿನ ಹರಿದ ಜೇಬು ಹೊಲಿಯಲು ಕೊಟ್ಟಿದ್ದರು, ಒಯ್ಯಲು ಬಂದಿದ್ದರು. ಕೋಟು ಸಿದ್ಧವಾಗಿತ್ತು. ಆದರೆ ಅವರ ಕಣ್ಣು ಹೋದದ್ದು ಕೆನ್ನೆ ಹಿಡಿದು ನಿಂತ ಹುಡುಗಿಯ ಮೇಲೆ.

ನರ್ಸ್ ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು. ಚೂಟಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಮೊಬೈಲಿನ ಟಾರ್ಚ್ ಹಾಕಿ, ಕೆಳಗಿನ ಸಾಲಿನ ಹಲ್ಲುಗಳನ್ನು ನಡುವಿನಿಂದ ಒಂದೊಂದಾಗಿ ಎಣಿಸಿದರು. ಬಲಗಡೆ ಆರನೆಯದರ ಮೇಲೆ ಬೆಳಕು ನಿಂತಿತು. ಹಲ್ಲಿನ ತಲೆಯ ಮೇಲೆ, ಗೀರುಗಳು ಕೂಡುವ ಕಡೆ, ಕಡುಕಂದು ಬಣ್ಣದ ತೂತು ಇತ್ತು.

"ಅಜ್ಜಿ, ಇದು ಹಾಲುಹಲ್ಲಲ್ಲ," ಎಂದರು ನರ್ಸ್.

"ನೀನು ಸರಿಯಾಗಿ ನೋಡಿಲ್ಲಮ್ಮ. ಆ ಜಾಗದಲ್ಲಿ ಒಂದು ಹಲ್ಲೂ ಬಿದ್ದಿಲ್ಲ. ಹಳೇದು ಬೀಳದೆ ಹೊಸದು ಎಲ್ಲಿಂದ ಬರುತ್ತೆ?"

ನರ್ಸ್ ಇದಕ್ಕೆ ನಗಲಿಲ್ಲ. ಹತ್ತರಲ್ಲಿ ಎಂಟು ತಾಯಂದಿರು ತಮ್ಮ ಹತ್ತಿರ ಇದೇ ಮಾತು ಹೇಳುತ್ತಾರೆ ಎಂದರು. ಆಮೇಲೆ ವಿವರಿಸಿದರು. ಆರು ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳ ಸಾಲು ಮುಗಿಯುವ ಕಡೆ, ಅದರ ಹಿಂದೆ ನಾಲ್ಕು ದವಡೆ ಹಲ್ಲುಗಳು ಹುಟ್ಟುತ್ತವೆ. ಮೇಲೆ ಎರಡು, ಕೆಳಗೆ ಎರಡು. ಅವುಗಳಿಗೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಬರುತ್ತವೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಡುವಿನಿಂದ ಎಣಿಸಿದರೆ ಆರನೆಯದು. ಅದು ಬಿದ್ದರೆ ಅಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಮುದುಕಿಯಾಗುವವರೆಗೆ ಅಗಿಯಬೇಕಾದ ಹಲ್ಲು ಅದೇ.

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟರು.

ಹಲ್ಲು ಹೋಗುತ್ತಾ ಎಂದು ಟೈಲರಮ್ಮ ಕೇಳಿದರು. ನರ್ಸ್ ಭರವಸೆ ಕೊಡಲಿಲ್ಲ. ತಾನು ಡಾಕ್ಟರಲ್ಲ, ತೂತಿನ ಆಳ ಬರಿಗಣ್ಣಿಗೆ ಕಾಣುವುದಿಲ್ಲ, ಎಕ್ಸ್-ರೇ ಬೇಕು, ಇವತ್ತು ನಾಲ್ಕು ಗಂಟೆಗೆ ಡಾಕ್ಟರಮ್ಮ ಇರುತ್ತಾರೆ, ಬನ್ನಿ ಎಂದರು. ಲವಂಗದಿಂದ ನೋವು ಒಂದಿಷ್ಟು ಮಂಕಾಗಬಹುದು, ತೂತು ಮುಚ್ಚುವುದಿಲ್ಲ ಎಂಬುದನ್ನೂ ಸೇರಿಸಿದರು. ಹುಳದ ವಿಷಯಕ್ಕೆ ಹೇಳಿದ್ದು ಇಷ್ಟು: ಕಣ್ಣಿಗೆ ಕಾಣುವ ಹುಳ ಹಲ್ಲಿನಲ್ಲಿ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಎಲ್ಲರ ಬಾಯಲ್ಲೂ ಇವೆ. ಸಕ್ಕರೆ ಸಿಕ್ಕಿದೊಡನೆ ಅವು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ.

ಟೈಲರಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ದನಿ ಗಟ್ಟಿಯಾಯಿತು.

"ನಾನು ಲೆಕ್ಕ ಇಟ್ಟು ಕೊಡ್ತೀನಿ ಸಿಸ್ಟರ್. ದಿನಕ್ಕೆ ಹತ್ತು. ಹನ್ನೊಂದನೇದು ಈವರೆಗೆ ಕೊಟ್ಟಿಲ್ಲ. ಮೇಲಿನ ಮನೆ ಮಕ್ಕಳು ಒಂದೇ ಸಲಕ್ಕೆ ಇಪ್ಪತ್ತು ನುಂಗ್ತಾರೆ. ಅವರ ಹಲ್ಲು ನೋಡಿ, ಹೆಂಗಿದೆ. ನನ್ನ ಮಗಳಿಗೇ ಯಾಕೆ ಬಂತು?"

"ಹತ್ತನ್ನು ಯಾವಾಗ ಕೊಡ್ತೀರಿ ಅಕ್ಕ?"

"ಅಂಗಿ ಮುಗಿದಾಗ."

"ಅಂಗಿ ಮುಗಿಯೋದು?"

"ಗಂಟೆಗೊಂದು."

ನರ್ಸ್ ಮೇಜಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡರು. ಒಂದು ಚೂರು ನೀಲಿ ಬಟ್ಟೆಯ ಮೇಲೆ ಉದ್ದ ಗೆರೆ ಎಳೆದು ಹತ್ತು ಭಾಗ ಮಾಡಿದರು. ಇದು ನಿಮ್ಮ ದಿನ, ಭಾಗಕ್ಕೊಂದು ಗಂಟೆ ಎಂದರು. ಗಟ್ಟಿ ಪೆಪ್ಪರಮೆಂಟು ಬಾಯಲ್ಲಿ ಕರಗಲು ಹತ್ತು ಹದಿನೈದು ನಿಮಿಷ ಬೇಕು. ಕರಗಿ ಮುಗಿದ ಮೇಲೂ ಸುಮಾರು ಅರ್ಧ ಗಂಟೆ ಆಮ್ಲ ಇರುತ್ತದೆ. ಎಂಜಲು ನಿಧಾನವಾಗಿ ಅದನ್ನು ತೊಳೆದು, ಕರಗಿದ ಹೊರಪದರಕ್ಕೆ ಮತ್ತೆ ಗಟ್ಟಿತನ ತುಂಬುತ್ತದೆ. ಇಷ್ಟು ಹೇಳಿ ನರ್ಸ್ ಪ್ರತಿ ಗಂಟೆಯಲ್ಲೂ ಮುಕ್ಕಾಲು ಭಾಗಕ್ಕೆ ಸೀಮೆಸುಣ್ಣ ಉಜ್ಜುತ್ತ ಹೋದರು. ಹತ್ತನೆಯದು ಮುಗಿದಾಗ ನೀಲಿ ಬಟ್ಟೆಯ ಮೇಲೆ ಹೆಚ್ಚು ಕಾಣುತ್ತಿದ್ದುದು ಬಿಳುಪು.

ಇದರ ಕೆಳಗೆ ಇನ್ನೊಂದು ಗೆರೆ ಎಳೆದರು. ಅವಳಿ ಹುಡುಗಿಯರದು. ಅಲ್ಲಿ ಮಧ್ಯಾಹ್ನದ ಊಟದ ಹತ್ತಿರ ಒಂದೇ ಒಂದು ಕಡೆ ಸೀಮೆಸುಣ್ಣ ಉಜ್ಜಿದರು.

"ಇಪ್ಪತ್ತು ತಿನ್ನೋದು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಹೊಟ್ಟೆಗೂ ಒಳ್ಳೇದಲ್ಲ, ಮೈಗೂ ಅಲ್ಲ. ಆದರೆ ಹಲ್ಲು ನೋಡೋದು ಎಷ್ಟು ತಿಂದ್ರಿ ಅನ್ನೋದಕ್ಕಿಂತ ಹೆಚ್ಚಾಗಿ, ಎಷ್ಟು ಸಲ ತಿಂದ್ರಿ ಅಂತ. ಅವರ ಹಲ್ಲಿಗೆ ಸುಧಾರಿಸಿಕೊಳ್ಳೋಕೆ ಹೊತ್ತು ಸಿಗುತ್ತೆ. ಇವಳ ಹಲ್ಲಿಗೆ ಸಿಕ್ಕಿಲ್ಲ."

ಟೈಲರಮ್ಮ ಆ ನೀಲಿ ಚೂರನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಒಂದೇ ಜಾಗದಲ್ಲಿ ಬಿಚ್ಚಿ ಬಿಚ್ಚಿ ಹೊಲಿದ್ರೆ ಬಟ್ಟೆ ಜಾಳಾಗುತ್ತೆ. ಆಮೇಲೆ ದಾರ ಹಿಡಿಯೋದಿಲ್ಲ. ಹಾಗೇ ಅಲ್ವಾ?"

ಹಾಗೇ ಎಂದರು ನರ್ಸ್.

ಸಂಜೆ ನಾಲ್ಕಕ್ಕೆ ತಾಯಿ, ಮಗಳು, ಅತ್ತೆ ಮೂವರೂ ಆಸ್ಪತ್ರೆಗೆ ಹೋದರು. ದಂತವೈದ್ಯೆ ಎಕ್ಸ್-ರೇ ತೆಗೆಸಿದರು. ಪರದೆಯ ಮೇಲೆ ಹಲ್ಲು ಬೂದುಬಣ್ಣದಲ್ಲಿ ಮೂಡಿತು. ಹುಳುಕು ಒಳಪದರಕ್ಕೂ ಇಳಿದು ನರದ ತೀರ ಹತ್ತಿರ ಹೋಗಿತ್ತು. ಮುಟ್ಟಿರಲಿಲ್ಲ. ಇದು ಈ ರಜೆಯ ಹದಿನೈದು ದಿನದಲ್ಲಿ ಆದದ್ದಲ್ಲ, ಹಲ್ಲು ಹುಟ್ಟಿದ ದಿನದಿಂದ ನಡೆದು ಬಂದದ್ದು ಎಂದು ವೈದ್ಯೆ ಹೇಳಿದರು. ಆರಂಭದಲ್ಲಿ ಬರೀ ಬಿಳಿ ಮಚ್ಚೆ ಇದ್ದಿರುತ್ತದೆ. ಆಗಲೇ ಬಂದಿದ್ದರೆ ಕೊರೆಯುವ ಅಗತ್ಯ ಬೀಳದೆಯೂ ಇರಬಹುದಿತ್ತು. ಮಚ್ಚೆ ನೋಯುವುದಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ.

ಇಷ್ಟೆಲ್ಲ ಯಾಕೆ, ಕಿತ್ತು ಹಾಕಿಬಿಡಿ, ಮಗುವಿಗೆ ನೋವು ತಪ್ಪಲಿ ಎಂದು ಅತ್ತೆ ಹೇಳಿ ನೋಡಿದರು. ಕಿತ್ತರೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಬಹುದು, ಕಚ್ಚುವ ಸಾಲೇ ಕೆಡಬಹುದು, ಉಳಿಸಲು ಸಾಧ್ಯವಿರುವಾಗ ಕೀಳುವುದು ಕೊನೆಯ ದಾರಿ ಎಂದು ವೈದ್ಯೆ ವಿವರಿಸಿದರು. ಚೂಟಿಯ ಆ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಬೇರು ಬೆಳೆಯಬೇಕಾದರೆ ಒಳಗಿನ ನರ ಬದುಕಿರಬೇಕು.

"ಬದುಕುತ್ತಾ ಡಾಕ್ಟರೇ?" ಟೈಲರಮ್ಮ ಕೇಳಿದರು.

"ಈಗಲೇ ಹೇಳಲಾರೆ. ಹುಳುಕು ತೆಗೆದು ಮುಚ್ಚುತ್ತೇನೆ. ಆರು ತಿಂಗಳು ಕಾದು ನೋಡಬೇಕು. ನನ್ನ ಕೈಯಲ್ಲಿರೋದು ಅರ್ಧ. ಉಳಿದರ್ಧ ನಿಮ್ಮ ಮನೇಲಿದೆ."

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮುಕ್ಕಾಲು ಗಂಟೆಯಲ್ಲಿ ಹಲ್ಲು ತುಂಬಿದರು. ಉಳಿದ ಮೂರು ಆರನೇ ಹಲ್ಲುಗಳು ಚೆನ್ನಾಗಿದ್ದವು. ಅವುಗಳ ಗೀರುಗಳಿಗೆ ತೆಳ್ಳಗೆ ಒಂದು ರಕ್ಷಣಾ ಲೇಪ ಹಾಕಿದರು. ಇದಕ್ಕೆ ಕೊರೆಯುವುದಿಲ್ಲ, ನೋವಿಲ್ಲ. ಚೂಟಿ ಮರಗಟ್ಟಿದ ತುಟಿಯಲ್ಲೇ ಒಂದು ಪ್ರಶ್ನೆ ಕೇಳಿದಳು. ಮಾವನ ಡಬ್ಬ ಎಸೆದುಬಿಡಬೇಕಾ ಎಂದು.

"ಬೇಡ. ತಿನ್ನೋ ಹೊತ್ತು ಬದಲಾಯಿಸು," ಎಂದರು ವೈದ್ಯೆ.

ಹೊತ್ತು ಬದಲಾಯಿಸುವುದು ಮಾತಿನಷ್ಟು ಸುಲಭವಾಗಲಿಲ್ಲ. ಮರುದಿನ ಪೆಪ್ಪರಮೆಂಟಿಲ್ಲದ ಚೂಟಿ ಹತ್ತು ನಿಮಿಷಕ್ಕೊಮ್ಮೆ ಮೇಜು ದಾಟಿ ಬಂದಳು. ಟೈಲರಮ್ಮ ಹತ್ತು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿದರು. ಸಂಜೆಗೆ ಆಗಿದ್ದದ್ದು ಆರು ಅಂಗಿ. ಒಂದು ಅಂಗಿ ಮುಗಿದಾಗಲೆಲ್ಲ ಹುಡುಗಿ ಕೈ ಚಾಚಿ ನಿಲ್ಲುತ್ತಿದ್ದಳು, ಅಮ್ಮ ತಲೆಯಾಡಿಸುತ್ತಿದ್ದರು, ಅಳು ಶುರುವಾಗುತ್ತಿತ್ತು. ಐದನೆಯ ಅಂಗಿಗೆ ಅತ್ತೆ ಸೋತರು. ಒಂದೇ ಒಂದು ಕೊಡು, ಮಗು ಮುಖ ನೋಡೋಕಾಗಲ್ಲ ಎಂದರು. ಟೈಲರಮ್ಮನ ಕೈ ಡಬ್ಬದ ಮುಚ್ಚಳದವರೆಗೂ ಹೋಗಿತ್ತು. ತೆಗೆಯಲಿಲ್ಲ.

ಆ ಸಂಜೆ ಅವರು ಕತ್ತರಿಸಿಟ್ಟ ಬಟ್ಟೆಯ ಕಟ್ಟುಗಳ ಮುಂದೆ ಕೂತು ಲೆಕ್ಕ ಹಾಕಿದರು. ತೊಂದರೆ ಇದ್ದದ್ದು ಅಂಗಿ ಮುಗಿಯುವುದರಲ್ಲಿ. ಗಂಟೆಗೊಂದು ಅಂಗಿ ಮುಗಿಯದಿದ್ದರೆ ಗಂಟೆಗೊಂದು ಅಳುವೂ ಇರುವುದಿಲ್ಲ. ಹೊಲಿಗೆಯವರು ಯಾರೂ ರಾಶಿ ಅಂಗಿಗಳನ್ನು ಹೀಗೆ ಒಂದೊಂದಾಗಿ ಮುಗಿಸುವುದಿಲ್ಲ. ಎಲ್ಲ ಕಾಲರು ಒಟ್ಟಿಗೆ, ಆಮೇಲೆ ಎಲ್ಲ ತೋಳು, ಆಮೇಲೆ ಎಲ್ಲ ಮಗ್ಗುಲಿನ ಹೊಲಿಗೆ. ಟೈಲರಮ್ಮ ಕಲಿತದ್ದೂ ಹಾಗೆಯೇ. ಎರಡು ವರ್ಷದ ಹಿಂದೆ ಮಗಳಿಗೆ ಆಗಾಗ ಏನಾದರೂ ಕೊಡಲು ನೆಪ ಬೇಕೆಂದು ಅದನ್ನು ಬಿಟ್ಟಿದ್ದರು.

ಮೂರನೆಯ ದಿನ ಬೆಳಿಗ್ಗೆ ಹತ್ತು ಅಂಗಿಯ ಕಾಲರುಗಳು ಒಟ್ಟಿಗೆ ಯಂತ್ರ ಏರಿದವು. ಮಧ್ಯಾಹ್ನದವರೆಗೆ ಒಂದು ಅಂಗಿಯೂ ಅಂಗಿಯಂತೆ ಕಾಣಲಿಲ್ಲ. ಚೂಟಿ ಎರಡು ಸಲ ಬಂದು ನೋಡಿದಳು.

"ಎಷ್ಟು ಮುಗೀತು?"

"ಒಂದೂ ಇಲ್ಲ ಕಣೇ. ನೋಡು, ತೋಳೇ ಇಲ್ಲ," ಎಂದರು ಅಜ್ಜಿ. "ತೋಳಿಲ್ಲದ ಅಂಗಿಗೆ ಪೆಪ್ಪರಮೆಂಟು ಯಾರು ಕೊಡ್ತಾರೆ?"

ಇದು ನ್ಯಾಯ ಎಂದು ಚೂಟಿಗೂ ಅನಿಸಿರಬೇಕು. ಮೇಜಿನ ಆಚೆ ಕೂತು, ಚೂರುಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಹಡಗು ಬರೆದಳು. ಬಾಯಾರಿದಾಗ ಬರೀ ನೀರು ಕುಡಿದಳು. ಒಂದೂವರೆಗೆ ಊಟ. ಊಟದ ತಟ್ಟೆ ಎತ್ತುವ ಮೊದಲೇ ಡಬ್ಬ ಬಂತು. ಮೂರು ಆರಿಸಿಕೋ ಎಂದರು ಅಮ್ಮ. ಹದಿನೈದು ನಿಮಿಷ ಆರಿಸಿದಳು. ಅಂಟುವುದು ಹಲ್ಲಿನ ಸಂದಿಯಲ್ಲಿ ಬಹಳ ಹೊತ್ತು ಕೂರುತ್ತದೆಂದು ನರ್ಸ್ ಹೇಳಿದ್ದರಿಂದ ಅದನ್ನು ಬಿಟ್ಟಳು. ಎರಡು ಚಾಕೊಲೇಟು, ಒಂದು ಹುಳಿಯದು ಎತ್ತಿಕೊಂಡಳು. ತಿಂದು ಬಾಯಿಗೆ ನೀರು ಹಾಕಿ ಮುಕ್ಕಳಿಸಿದಳು. ಅಜ್ಜಿ ಕೂಡಲೇ ಬ್ರಷ್ ತಂದು ಕೊಡಲು ಹೋದರು. ಟೈಲರಮ್ಮ ತಡೆದರು. ಹುಳಿ ತಿಂದ ಕೂಡಲೇ ಹಲ್ಲಿನ ಮೇಲ್ಮೈ ಮೆತ್ತಗಿರುತ್ತದೆ, ಆಗ ಉಜ್ಜಿದರೆ ಸವೆಯುತ್ತದೆ, ಅರ್ಧ ಗಂಟೆ ಬಿಡಬೇಕು ಎಂದು ವೈದ್ಯೆ ಹೇಳಿದ್ದು ಅವರ ನೆನಪಿನಲ್ಲಿತ್ತು.

"ತಿನ್ನೋಕೂ ಹೊತ್ತು, ಉಜ್ಜೋಕೂ ಹೊತ್ತು. ಬಸ್ಸಿನ ವೇಳಾಪಟ್ಟಿ ಆಯ್ತಲ್ಲೇ ಇದು," ಎಂದರು ಅಜ್ಜಿ. ಗೋಡೆ ಗಡಿಯಾರ ನೋಡುವ ಕೆಲಸವನ್ನು ಮಾತ್ರ ತಾವೇ ವಹಿಸಿಕೊಂಡರು.

ಸಂಜೆ ಆರಕ್ಕೆ ಹತ್ತೂ ಅಂಗಿಗಳು ಒಟ್ಟಿಗೆ ಮುಗಿದವು. ಮುಂದಿನ ವಾರದಿಂದ ದಿನಕ್ಕೆ ಹನ್ನೆರಡು ಆಗತೊಡಗಿದವು. ರಾತ್ರಿ ಮಲಗುವ ಮುಂಚೆ ಚೂಟಿ ತಾನೇ ಹಲ್ಲುಜ್ಜುತ್ತಾಳೆ, ಹಿಂದಿನ ನಾಲ್ಕನ್ನು ಅಮ್ಮ ಇನ್ನೊಮ್ಮೆ ಉಜ್ಜುತ್ತಾರೆ. ಅದಾದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗುವುದಿಲ್ಲ. ಬಸ್ಸಿನಿಂದ ಬಂದ ಅಪ್ಪ ಜೇಬಿನಲ್ಲಿ ಒಂದು ಪೊಟ್ಟಣ ತಂದರೆ ಅದೂ ಮಾವನ ಡಬ್ಬಕ್ಕೇ ಸೇರುತ್ತದೆ.

ಈ ಕಥೆ ಓದುತ್ತಿರುವ ಅಥವಾ ಕೇಳುತ್ತಿರುವ ನೀವು ಹೊಲಿಯದೆ ಇರಬಹುದು. ಆದರೆ ಮಗು ಸುಮ್ಮನಿರಲಿ ಎಂದು ಆಗಾಗ ಒಂದು ಮಿಠಾಯಿ ಕೊಡುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದ್ದೀತು. ರಜೆಯಲ್ಲಿ ಮಕ್ಕಳು ಸಿಹಿ ತಿನ್ನಲಿ, ತಪ್ಪೇನಿಲ್ಲ. ದಿನಕ್ಕೆ ಒಂದು ಸಲ, ಊಟದ ಜೊತೆಗೆ ಅಥವಾ ಊಟವಾದ ಕೂಡಲೇ, ಸ್ವಲ್ಪವೇ ತಿಂದು ಮುಗಿಸಲಿ. ಊಟದ ಹೊತ್ತಿನಲ್ಲಿ ಬಾಯಲ್ಲಿ ಎಂಜಲು ಹೆಚ್ಚು ಊರುತ್ತದೆ, ಅದೇ ಹಲ್ಲಿಗೆ ಕಾವಲು. ಗಂಟೆಗಟ್ಟಲೆ ಚೀಪುವ, ಹಲ್ಲಿಗೆ ಅಂಟುವ ಮಿಠಾಯಿಗಳನ್ನು ಕಡಿಮೆ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿಸಿ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಉಗುಳಿದ ಮೇಲೆ ತುಂಬ ನೀರು ಹಾಕಿ ತೊಳೆಯಬೇಡಿ, ಪೇಸ್ಟಿನ ಗುಣ ಹಲ್ಲಿನ ಮೇಲೆ ಉಳಿಯಲಿ. ಏಳೆಂಟು ವರ್ಷದವರೆಗೆ ನಿಮ್ಮ ಕೈಯೂ ಜೊತೆಗಿರಲಿ. ಮಗುವಿಗೆ ಆರು ತುಂಬಿದೆಯೇ? ಇವತ್ತೇ ಬೆಳಕಿಗೆ ಕೂರಿಸಿ ಬಾಯಿ ತೆರೆಸಿ. ನಡುವಿನಿಂದ ಎಣಿಸಿ, ಆರನೆಯದನ್ನು ನೋಡಿ. ಬಿಳಿ ಮಚ್ಚೆ, ಕಂದು ಗುರುತು, ತೂತು ಏನೇ ಕಂಡರೂ ನೋವು ಬರುವವರೆಗೆ ಕಾಯಬೇಡಿ, ಹತ್ತಿರದ ಹಲ್ಲಿನ ವೈದ್ಯರಿಗೆ ತೋರಿಸಿ.

ಆರು ತಿಂಗಳ ನಂತರ ಚೂಟಿಯ ಆ ಹಲ್ಲಿನ ಎಕ್ಸ್-ರೇಯನ್ನು ಮತ್ತೊಮ್ಮೆ ತೆಗೆದರು. ನರ ಬದುಕಿತ್ತು. ಬೇರು ಮೊದಲಿಗಿಂತ ಉದ್ದ ಬೆಳೆದಿತ್ತು. ಹೊಸ ಹುಳುಕು ಒಂದೂ ಇರಲಿಲ್ಲ.